ಪಿಎಂಎಫ್ ಇರಲಿ, ಸಿಎಂಬಿ ಇರಲಿ, ಮೊದಲು ನಿಮ್ಮ ಸ್ಯಾಂಪ್ಲಿಂಗ್ ಡೈರಿ ತೆರೆಯಿರಿ

ಬೆಂಗಳೂರಿನ ಗಾಳಿಯ ಕಣ ಹಿಡಿದ 70 ಫಿಲ್ಟರ್ ಇವೆ, ದಿನಕ್ಕೊಂದರಂತೆ; ಮಾಲಿನ್ಯದ ಮೂಲ ಹುಡುಕಲು ಪಿಎಂಎಫ್ (ಪಾಸಿಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್) ಸರಿಯೋ ಸಿಎಂಬಿ (ಕೆಮಿಕಲ್ ಮಾಸ್ ಬ್ಯಾಲೆನ್ಸ್) ಸರಿಯೋ ಎಂದು ಕೇಳಿದ್ದೀರಿ. ಫಿಲ್ಟರಿನಲ್ಲಿ ಸಿಕ್ಕ ಧಾತುಗಳ ಲೆಕ್ಕದಿಂದ ಯಾವ ಮೂಲದ ಪಾಲು ಎಷ್ಟು ಎಂದು ಅಂದಾಜಿಸುವ ಮಾಡೆಲ್‌ಗಳು ಇವೆರಡೂ. ಎಂ.ಟೆಕ್ ಮಾಡುವಾಗ ಇದೇ ಪ್ರಶ್ನೆ ಹಿಡಿದು ನಾನು ಎರಡು ತಿಂಗಳು ಕಳೆದೆ.

ಯಶವಂತಪುರದ ಒಂದು ತಾರಸಿ ಮೇಲೆ ಸ್ಯಾಂಪ್ಲರ್ ಇಟ್ಟು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳನ್ನು, ಹಿಡಿದಿದ್ದೆವು. ಸಿಎಂಬಿಗೆ ಪ್ರತಿ ಮೂಲದ ರಾಸಾಯನಿಕ ಜಾತಕ (ಅದರ ಹೊಗೆ, ಧೂಳಿನಲ್ಲಿ ಯಾವ ಧಾತು ಎಷ್ಟಿದೆ ಎಂಬ ಪಟ್ಟಿ) ಮೊದಲೇ ಕೈಯಲ್ಲಿರಬೇಕು. ನನ್ನ ಬಳಿ ಇರಲಿಲ್ಲ. ಪಿಎಂಎಫ್‌ಗೆ ಅದು ಬೇಡ, ಯಾವ ಧಾತುಗಳು ಒಟ್ಟಿಗೆ ಏರಿಳಿಯುತ್ತವೆ ಎಂದು ನೋಡಿ ಗುಂಪು ಮಾಡುತ್ತದೆ. ಗುಂಪಿಗೆ ಹೆಸರಿಡುವವರು ಮಾತ್ರ ನಾವು. ನಾನು ಎಡವಿದ್ದು ಅಲ್ಲೇ.

ಸಿಲಿಕಾನ್, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಸೇರಿದ್ದು ರಸ್ತೆ ಧೂಳು, ಅದರಲ್ಲಿ ತಕರಾರಿಲ್ಲ. ಇನ್ನೊಂದು ಗುಂಪಿನಲ್ಲಿ ಪೊಟ್ಯಾಸಿಯಂ ಹೇರಳವಾಗಿತ್ತು. ಸೌದೆ, ತರಗೆಲೆ ಸುಟ್ಟರೆ ಪೊಟ್ಯಾಸಿಯಂ ಬರುತ್ತದೆಂದು ಓದಿದ್ದೆ. ರಸ್ತೆ ಬದಿ ತರಗೆಲೆ ಗುಡ್ಡೆ ಹಾಕಿ ಸುಡುವುದನ್ನು ದಿನಾ ಬೆಳಿಗ್ಗೆ ನೋಡುತ್ತಲೂ ಇದ್ದೆ. 'ಸೌದೆ ಹೊಗೆ' ಎಂದು ಬರೆದುಬಿಟ್ಟೆ. ಅದೇ ಗುಂಪಿನಲ್ಲಿ ಬೇರಿಯಂ, ಸ್ಟ್ರಾಂಷಿಯಂ ಕೂತಿದ್ದವು. ಬೇರಿಯಂ ಬ್ರೇಕ್ ಸವೆದಾಗಲೂ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸ್ಟ್ರಾಂಷಿಯಂ ಎಲ್ಲಿಂದ ಬಂತೆಂದು ಕೇಳಿಕೊಳ್ಳಲೇ ಇಲ್ಲ. ಉತ್ತರ ಮೊದಲೇ ಮನಸ್ಸಿನಲ್ಲಿತ್ತು, ಅದಕ್ಕೆ ಒಪ್ಪುವ ಧಾತು ಮಾತ್ರ ಕಣ್ಣಿಗೆ ಬಿತ್ತು.

ಥೀಸಿಸ್ ಮುಗಿಯುವ ಹೊತ್ತಿಗೆ ಗೈಡ್ ಮೇಡಂ ಒಂದೇ ಮಾತು ಕೇಳಿದರು: "ಈ ಗುಂಪು ಯಾವ್ಯಾವ ದಿನ ಏರಿದೆ, ತೋರಿಸು." ಮೂರೇ ದಿನ. ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿ. ಪಟಾಕಿ ಮದ್ದಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ. ಹಸಿರು ಬೆಳಕಿಗೆ ಬೇರಿಯಂ, ಕೆಂಪಿಗೆ ಸ್ಟ್ರಾಂಷಿಯಂ. ವಿಪರೀತ ಏರಿದ ಆ ದಿನಗಳನ್ನು ಹೊಂದಿಸಲು ಮಾಡೆಲ್ ಒಂದಿಡೀ ಗುಂಪನ್ನೇ ಖರ್ಚು ಮಾಡಿತ್ತು, ನಿಜವಾದ ಸೌದೆ ಹೊಗೆ ಅದರೊಳಗೆ ಕಲಸಿಹೋಗಿತ್ತು. ಮೂರು ಫಿಲ್ಟರ್ ತೆಗೆದು ಮತ್ತೆ ಓಡಿಸಿದೆ, ಎರಡು ಅಧ್ಯಾಯ ಹೊಸದಾಗಿ ಬರೆದೆ. ಒಂದು ಸೆಮಿಸ್ಟರ್ ಹೋಯಿತು.

ಹಾಗಾಗಿ 'ಯಾವ ಮಾಡೆಲ್' ಎನ್ನುವುದು ನಿಮ್ಮ ಮೊದಲ ಪ್ರಶ್ನೆ ಆಗಬಾರದು. ಯಾವ ದಿನ ಮಳೆ, ಯಾವ ದಿನ ಹಬ್ಬ, ಯಾವ ದಿನ ಪಕ್ಕದ ರಸ್ತೆಗೆ ಡಾಂಬರು ಹಾಕಿದರು, ಇವನ್ನೆಲ್ಲ ಸ್ಯಾಂಪ್ಲಿಂಗ್ ಡೈರಿಯಲ್ಲಿ ತಾರೀಖಿನ ಎದುರು ಬರೆಯಿರಿ. 70 ಫಿಲ್ಟರಿನಿಂದ ಎಂಟು-ಹತ್ತು ಮೂಲ ಹಿಂಡಲು ಹೋಗಬೇಡಿ. ಫಿಲ್ಟರ್ ತುಂಡು ಉಳಿದಿದ್ದರೆ ಲೆವೊಗ್ಲುಕೋಸಾನ್ ಅಳೆಸಿ. ಅದು ಸೆಲ್ಯುಲೋಸ್ ಸುಟ್ಟಾಗ ಹುಟ್ಟುವಂಥದ್ದು, ಪಟಾಕಿ ಮದ್ದಿನಿಂದ ಬರುವುದಲ್ಲ.

ನಿಮ್ಮ 70 ದಿನಗಳಲ್ಲಿ ದೀಪಾವಳಿ ಬಂದಿತ್ತೇ? ಅದನ್ನು ಮೊದಲು ಹೇಳಿ.