ಆಂಟಿಬಯೋಟಿಕ್ ಕೊಟ್ಟೂ ರಕ್ತದಲ್ಲಿ ಫಂಗಸ್ ಹೇಗೆ?

ಉಪ್ಪಳದವರೇ, ಸುಟ್ಟಗಾಯದ ವಾರ್ಡಿನಲ್ಲಿರುವ ನಿಮ್ಮ ಭಾವನಿಗೆ ಇಷ್ಟೆಲ್ಲ ಆಂಟಿಬಯೋಟಿಕ್ ಕೊಟ್ಟೂ ರಕ್ತದಲ್ಲಿ ಫಂಗಸ್ ಹೇಗೆ ಬಂತು ಎಂದು ಕೇಳಿದ್ದೀರಿ. ಆ ಮದ್ದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು ಮಾತ್ರ. ಕರುಳಲ್ಲಿ ಅವು ಖಾಲಿಯಾದ ಜಾಗದಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಹೆಚ್ಚುತ್ತದೆ. ಚರ್ಮದ ತಡೆ ಇಲ್ಲ, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಗೆ, ಅಂದರೆ ಸೆಂಟ್ರಲ್ ಲೈನ್ ಅಂತೂ ನೇರ ರಕ್ತಕ್ಕೇ ದಾರಿ. ಬದಿಯಡ್ಕದಿಂದ ಹೋಗಿ ಅಂಥ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಆ ಲೈನಿನ ತುದಿಯನ್ನು ಸ್ಪಿರಿಟ್‌ನಲ್ಲಿ ಉಜ್ಜಿ, ಒಣಗುವವರೆಗೆ ಕಾಯುವ ಕೆಲವು ಸೆಕೆಂಡು ಬಹಳ ದೊಡ್ಡದು.

ಡಾಕ್ಟರ ಹತ್ತಿರ ಕೇಳಿ: ಹಳೇ ಲೈನ್ ತೆಗೆದರಾ, ಯಾವ ಜಾತಿಯ ಕ್ಯಾಂಡಿಡಾ, ಕಣ್ಣಿನ ಪರೀಕ್ಷೆ ಆಯಿತಾ. ಕ್ಯಾಂಡಿಡಾ ಆರಿಸ್ ಎಂಬ ಜಾತಿ ಆದರೆ ಫ್ಲುಕೊನಜೋಲ್ ಎಂಬ ಫಂಗಸ್ ಮದ್ದು ಸಾಮಾನ್ಯವಾಗಿ ನಾಟುವುದಿಲ್ಲ, ಕ್ಯಾಸ್ಪೊಫಂಜಿನ್‌ನಂಥ ಬೇರೆ ಫಂಗಸ್ ಮದ್ದು ಬೇಕಾಗುತ್ತದೆ. ರಕ್ತದ ಕಲ್ಚರ್ (ರಕ್ತದಲ್ಲಿ ಫಂಗಸ್ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ನೆಗೆಟಿವ್ ಬಂದ ಮೇಲೂ ಕನಿಷ್ಠ 14 ದಿನ ಫಂಗಸ್ ಮದ್ದು ನಡೆಯಬೇಕು. ಜ್ವರ ಇಳಿಯಿತೆಂದು ನಿಲ್ಲಿಸಲು ಒತ್ತಾಯ ಮಾಡಬೇಡಿ, ದಯವಿಟ್ಟು.