ಚಿತ್ರಪುಸ್ತಕದಲ್ಲಿ ಕಪ್ಪು ಮಗು ಇದ್ದರೆ ಸಾಕೇ?

ಅಮೆರಿಕದಲ್ಲಿ ಬೆಳೆಯುತ್ತಿರುವ 5 ವರ್ಷದ ಮಗಳಿಗೆ ಎಲ್ಲ ಬಣ್ಣದ ಮಕ್ಕಳೂ ಇರುವ ಪುಸ್ತಕ ಬೇಕು, ಮುಖಪುಟ ನೋಡಿ ತಂದರೆ ಸಾಕಾಗುವುದಿಲ್ಲವೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಒಳಗೆ ಆ ಮಗು ಏನು ಮಾಡುತ್ತದೆ ಎಂದು ನೋಡಲೇಬೇಕು.

ಇದಕ್ಕೆ ನಾನು ನಂಬುವ ಜರಡಿ ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ ಅವರದು. ಕಪ್ಪು ಜನರ ಬದುಕಿನ ಬಗ್ಗೆ ಬಂದ 150 ಮಕ್ಕಳ ಪುಸ್ತಕಗಳನ್ನು ಓದಿ, 1982ರಲ್ಲಿ ಅವರು ಮೂರು ಬಗೆ ಗುರುತಿಸಿದರು. ಮೊದಲನೆಯದು ಬಿಳಿಯ ಓದುಗರಲ್ಲಿ ಕನಿಕರ ಹುಟ್ಟಿಸಲು ಬರೆದದ್ದು. ಎರಡನೆಯದರಲ್ಲಿ ಬಣ್ಣ ಚಿತ್ರದಲ್ಲಿ ಮಾತ್ರ. ಮೂರನೆಯದು ಕಪ್ಪು ಜನರ ಮನೆಯ ಒಳಗಿನಿಂದಲೇ ಹುಟ್ಟಿದ ಕಥೆ.

ಮನೆಯಲ್ಲಿ ಹೀಗೆ ಪರೀಕ್ಷಿಸಿ. ಮೊದಲು ಓದದೆ ಚಿತ್ರಗಳನ್ನಷ್ಟೇ ತಿರುವಿ. ಕಪ್ಪು ಮಕ್ಕಳಿಗೆಲ್ಲ ಒಂದೇ ಮುಖ, ಒಂದೇ ಕಂದು ಬಣ್ಣ ಬಳಿದಿದ್ದರೆ ಅಲ್ಲೇ ಪಕ್ಕಕ್ಕಿಡಿ. ಆಮೇಲೆ ಚಿತ್ರ ಮುಚ್ಚಿ ಕಥೆ ಓದಿ. ಅಜ್ಜಿ ಮಾತಾಡುವ ರೀತಿ, ಭಾನುವಾರದ ಅಡುಗೆ, ಅಮ್ಮ ತಲೆ ಬಾಚಿ ಜಡೆ ಹೆಣೆಯುವ ಹೊತ್ತು, ಇಂಥದ್ದೊಂದೂ ಸಿಗದಿದ್ದರೆ ಅದು ಎರಡನೆಯ ಬಗೆ. ಕೆಟ್ಟದ್ದೇನಲ್ಲ, ಆದರೆ ಕಪಾಟಿನ ತುಂಬ ಅದೇ ಇರಬಾರದು. ಕೊನೆಗೆ, ಕಥೆಯ ತೊಡಕನ್ನು ಬಿಡಿಸಿದವರು ಯಾರು? ಕಪ್ಪು ಹುಡುಗ ಅವಮಾನ ಸಹಿಸಿ, ಬಿಳಿಯ ಹುಡುಗ ಪಾಠ ಕಲಿತು ಮುಗಿದರೆ ಅದು ಮೊದಲನೆಯ ಬಗೆ.

ಹೆಚ್ಚಿನವರು ಎಡವುವುದು ಇಲ್ಲಿ: ಗುಲಾಮಗಿರಿ, ಹಕ್ಕುಗಳ ಹೋರಾಟ ಇಷ್ಟನ್ನೇ ತರುತ್ತಾರೆ, ಅದೂ ಕಪ್ಪು ಇತಿಹಾಸದ ಮಾಸವೆಂದು ಫೆಬ್ರವರಿಯಲ್ಲಿ. ಆ ಇತಿಹಾಸ ತಿಳಿಯಲೇಬೇಕು. ಆದರೆ ಕಪ್ಪು ಮಗು ಹಿಮದಲ್ಲಿ ಆಡುವುದನ್ನು, ತಮ್ಮನ ಜೊತೆ ಜಗಳವಾಡುವುದನ್ನು ನೋಡದೆ ನೋವನ್ನಷ್ಟೇ ನೋಡಿದ ಮಗುವಿಗೆ ಕಪ್ಪು ಎಂದರೆ ಅಯ್ಯೋ ಪಾಪ ಎಂದಾಗಿಬಿಡುತ್ತದೆ. ಒಂದು ನೋವಿನ ಪುಸ್ತಕಕ್ಕೆ ಮೂರು ನಾಲ್ಕು ದಿನನಿತ್ಯದ ಪುಸ್ತಕಗಳಿರಲಿ.

ಹುಡುಕುವುದು ಕಷ್ಟವಲ್ಲ. ಕಪ್ಪು ಲೇಖಕರಿಗೂ ಚಿತ್ರಕಾರರಿಗೂ ಕೊಡುವ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯ ಪಟ್ಟಿ ಹಿಡಿದು ಊರಿನ ಲೈಬ್ರರಿಯಲ್ಲಿ ಕೇಳಿ. ಮಗಳು ತನ್ನಂಥವರನ್ನೂ ಕಾಣಬೇಕಲ್ಲ, ಅದಕ್ಕೆ ಸೌತ್ ಏಷ್ಯಾ ಬುಕ್ ಅವಾರ್ಡ್ ಪಟ್ಟಿ ನೋಡಿ.

ಇನ್ನೊಂದು ಮಾತು ನಮ್ಮವರಿಗೇ. "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಎಂದು ಫೋನಿನಲ್ಲಿ ಆಡುವುದು ಮಗುವಿನ ಕಿವಿಗೆ ಬೀಳುತ್ತದೆ, ಅದನ್ನು ಮೊದಲು ನಿಲ್ಲಿಸಿ. ಓದುವಾಗ "ಇವಳ ಮೈ ಯಾಕೆ ಕಪ್ಪು?" ಎಂದು ಮಗಳು ಕೇಳಿದರೆ ಗದರಬೇಡಿ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ, ನಿನ್ನಲ್ಲೂ ಇದೆ, ಅವಳಲ್ಲಿ ಹೆಚ್ಚಿದೆ ಎಂದು ಹೇಳಿ ಪುಟ ತಿರುವಿ.