ಕರೆಂಟ್ ಇಟ್ಟರೆ ನೋವು ಹೋಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ವಿಷಯ, ನರಕ್ಕೆ ಕರೆಂಟ್ ಕೊಟ್ಟು ನೋವು ಕಡಿಮೆ ಮಾಡುವುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಪತ್ರಗಳಿವೆ. 18 ವರ್ಷದಿಂದ ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನನಗೆ ಇದು ದಿನನಿತ್ಯದ ಪ್ರಶ್ನೆ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಮೇಡಂ, ನಾನು ಜೀನ್ಸ್ ಹೊಲಿಯುತ್ತೇನೆ. ದಿನಕ್ಕೆ ಹತ್ತು ತಾಸು ಮಷೀನ್ ಮುಂದೆ ಕೂಡುತ್ತೇನೆ. ನಾಲ್ಕು ವರ್ಷದಿಂದ ಸೊಂಟ ನೋವು. ಪ್ಯಾಡ್ ಅಂಟಿಸುವ ಟೆನ್ಸ್ ಮಷೀನ್ ಆನ್‌ಲೈನ್‌ನಲ್ಲಿ ತರಿಸಿದೆ. ಹಾಕಿಕೊಂಡಾಗ ಆರಾಮ, ತೆಗೆದ ಅರ್ಧ ತಾಸಿಗೆ ಮತ್ತೆ ಶುರು. ದಿನಾ ಹಾಕಿಕೊಂಡರೆ ನರ ಸತ್ತು ಹೋಗುತ್ತದೆ ಅಂತ ಪಕ್ಕದವರು ಹೆದರಿಸುತ್ತಾರೆ. ನಿಜವೇ?
— ಓದುಗರು, ಕೌಲ್ ಬಜಾರ್, ಬಳ್ಳಾರಿ

ನರ ಸಾಯುವುದಿಲ್ಲ ಅಣ್ಣ, ಧೈರ್ಯವಾಗಿರಿ. ಆದರೆ ಆ ಮಷೀನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಗೊತ್ತಿರಲಿ.

ಮೊಣಕೈ ಬಾಗಿಲಿಗೆ ತಗುಲಿದರೆ ಮೊದಲು ಏನು ಮಾಡುತ್ತೀರಿ? ಗಟ್ಟಿಯಾಗಿ ತಿಕ್ಕಿಕೊಳ್ಳುತ್ತೀರಿ, ಅಲ್ವಾ? ಮುಟ್ಟಿದ್ದು, ತಿಕ್ಕಿದ್ದು ತಿಳಿಸುವ ನರದ ಎಳೆಗಳು ದಪ್ಪ, ಅವುಗಳ ಸುದ್ದಿ ಬೇಗ ಓಡುತ್ತದೆ. ನೋವು ತಿಳಿಸುವ ಎಳೆಗಳು ಸಣ್ಣ, ಸುದ್ದಿ ನಿಧಾನ. ಎರಡೂ ಬಂದು ಸೇರುವುದು ಬೆನ್ನುಹುರಿಗೆ. ಅಲ್ಲಿ ನಮ್ಮ ಕಾಲುವೆಗೆ ಇದ್ದ ಹಾಗೆ ಒಂದು ಗೇಟ್ ಇದೆ, ತಿಕ್ಕಿದ ಸುದ್ದಿ ಜಾಸ್ತಿ ಬಂದರೆ ನೋವಿನ ಪಾಲಿಗೆ ಗೇಟ್ ಸ್ವಲ್ಪ ಇಳಿಯುತ್ತದೆ ಅಂತ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಹೇಳಿದರು. ಎರಡು ವರ್ಷ ಬಿಟ್ಟು ಇದೇ ವಾಲ್ ಮತ್ತು ವಿಲಿಯಂ ಸ್ವೀಟ್ ಎಂಬ ವೈದ್ಯರು ಸೇರಿ, ರೋಗಿಗಳ ಮೇಲಷ್ಟೇ ಅಲ್ಲ, ತಮ್ಮದೇ ಮುಖದ ನರಕ್ಕೂ ಕರೆಂಟ್ ಹಾಯಿಸಿ ನೋಡಿದರು. ಆಮೇಲೆ ಗೇಟಿನ ವಿವರ ಸಾಕಷ್ಟು ಬದಲಾಗಿದೆ, ಆದರೆ ಮೂಲ ವಿಚಾರ ನಿಂತಿದೆ. ನಿಮ್ಮ ಪ್ಯಾಡ್ ಮಾಡುವುದೂ ಅದನ್ನೇ, ಕೈಯ ಬದಲು ಕರೆಂಟ್‌ನಿಂದ ತಿಕ್ಕುತ್ತದೆ. ತಿಕ್ಕುವುದು ನಿಲ್ಲಿಸಿದರೆ ಗೇಟ್ ನಿಧಾನಕ್ಕೆ ಏರುತ್ತದೆ. ಅರ್ಧ ತಾಸಿಗೆ ನೋವು ವಾಪಸ್ ಬರುವುದು ಇದಕ್ಕೇ. ಮಷೀನ್ ಕೆಟ್ಟಿದೆ ಅಂತಲೂ ಅಲ್ಲ, ನಿಮ್ಮ ಸೊಂಟ ಕೆಟ್ಟಿದೆ ಅಂತಲೂ ಅಲ್ಲ.

ಟೆನ್ಸ್ ಮೇಲೆ ನೂರಾರು ಸಂಶೋಧನೆ ಆಗಿವೆ, ಹೆಚ್ಚಿನವು ಚಿಕ್ಕವು. ಬೇರೆ ಬೇರೆ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಎಂಬ ತಂಡ ಇದೆ. ಹಳೇ ನೋವಿನ ಬಗ್ಗೆ ಅವನ್ನೆಲ್ಲ ಒಟ್ಟಿಗೆ ನೋಡಿದ ಆ ತಂಡಕ್ಕೆ 2019ರಲ್ಲಿ ಗಟ್ಟಿಯಾಗಿ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ನಿಮಗೆ ಆರಾಮ ಕೊಡುತ್ತಿದ್ದರೆ ಬಳಸಿ, ಅದರಲ್ಲಿ ತಪ್ಪಿಲ್ಲ. ಆದರೆ ಆರಾಮ ಸಿಕ್ಕ ಅರ್ಧ ತಾಸನ್ನು ಮತ್ತೆ ಹೊಲಿಗೆಗೆ ಕೊಡಬೇಡಿ, ಎದ್ದು ನಡೆಯಿರಿ, ಸೊಂಟದ ವ್ಯಾಯಾಮ ಮಾಡಿ. ನೋವಿದ್ದಾಗ ಮಾಡಲಾಗದ ವ್ಯಾಯಾಮ ಆಗ ಆಗುತ್ತದೆ. ನಾನು ಟೆನ್ಸ್ ಇಡುವುದೇ ಅದಕ್ಕೆ.

ಪ್ಯಾಡ್ ಬಗ್ಗೆ ಒಂದು ಮಾತು. ನಮ್ಮ ಬೇಸಿಗೆಗೆ ಅದರ ಅಂಟು ಬೇಗ ಒಣಗುತ್ತದೆ, ಅಂಚು ಮೇಲೆ ಏಳುತ್ತದೆ. ಆಗ ಇಡೀ ಪ್ಯಾಡಿಗೆ ಹರಡಬೇಕಾದ ಕರೆಂಟ್ ಅಂಟಿಕೊಂಡ ಆ ಒಂದು ಬೆರಳಗಲ ಜಾಗದಲ್ಲೇ ನುಗ್ಗಿ ಇರುವೆ ಕಚ್ಚಿದ ಹಾಗೆ ಚುಚ್ಚುತ್ತದೆ. ಜನ ಆಗ ಕರೆಂಟ್ ಜಾಸ್ತಿ ಆಯಿತು ಅಂತ ಹೆದರುತ್ತಾರೆ. ಪ್ಯಾಡ್ ಬದಲಿಸಿದರೆ ಸಾಕು. ಎಣ್ಣೆ, ಮುಲಾಮು ಹಚ್ಚಿದ ಮೈಗೆ ಅಂಟಿಸಬೇಡಿ, ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಜುಮ್ ಜುಮ್ ಅಂತ ಜೋರಾಗಿ ತಿಳಿಯಬೇಕು, ನೋಯಬಾರದು.

ಇನ್ನೊಂದು ಮಾತು, ಇದನ್ನು ಮನೆಯವರಿಗೂ ಹೇಳಿಡಿ. ಮೂತ್ರ, ಮಲ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಆಗದಿದ್ದರೆ ಮಷೀನ್ ಪಕ್ಕಕ್ಕಿಟ್ಟು ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.

ನಮ್ಮ ಅವ್ವನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಮೊಣಕಾಲು ನೋವಿಗೆ ಇದೇ ಮಷೀನ್ ಇಡಬಹುದೇ?
— ಓದುಗರು, ಕುಷ್ಟಗಿ

ಬೇಡ. ಹೃದಯದ ಡಾಕ್ಟರ್ ಕೇಳದೆ ಇಡಲೇಬೇಡಿ. ಬಸುರಿಯರ ಹೊಟ್ಟೆ ಸೊಂಟಕ್ಕೆ, ಯಾರದೇ ಕತ್ತಿನ ಮುಂಭಾಗಕ್ಕೆ, ಗಾಯ ಇರುವ ಚರ್ಮಕ್ಕೆ ಕೂಡ ಇಡಬಾರದು. ಫಿಟ್ಸ್ ಬರುವವರು ಡಾಕ್ಟರ್ ಕೇಳಿಯೇ ಬಳಸಬೇಕು.

ನಮ್ಮ ಯಜಮಾನರು ರೈಸ್ ಮಿಲ್‌ನಲ್ಲಿ ಹಮಾಲಿ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ಡಿಸ್ಕ್ ಆಪರೇಷನ್ ಆಯಿತು, ಆದರೂ ಕಾಲು ಜಗ್ಗುವುದು, ಉರಿ ಹೋಗಿಲ್ಲ. ಬೆನ್ನುಹುರಿ ಹತ್ತಿರ ವೈರ್ ಇಟ್ಟು ಕರೆಂಟ್ ಕೊಡುವ ಮಷೀನ್ ಇದೆ, ಲಕ್ಷಗಟ್ಟಲೆ ಆಗುತ್ತದೆ ಅಂತ ಹೊರಗಿನ ಊರಿನ ಆಸ್ಪತ್ರೆಯಲ್ಲಿ ಹೇಳಿದರು. ಇರುವ ಎರಡು ಎಕರೆ ಮಾರೋಣವೇ?
— ಓದುಗರು, ಸಿಂಧನೂರು

ಅಕ್ಕ, ನಿಮ್ಮ ಪತ್ರ ಮೂರು ಸಲ ಓದಿದೆ. ಎರಡು ಎಕರೆ ಹೋದರೆ ಮತ್ತೆ ಬರುವುದಿಲ್ಲ, ಹಾಗಾಗಿ ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತೇನೆ.

ಅವರು ಹೇಳಿದ್ದು ಸುಳ್ಳಲ್ಲ, ಅಂಥ ಚಿಕಿತ್ಸೆ ಇದೆ. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಎಂಬ ವೈದ್ಯರು ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದ ಒಬ್ಬರಿಗೆ ಮೊದಲ ಸಲ ಇಟ್ಟರು. ಈಗ ಸೂಜಿಯ ಮೂಲಕ ತೆಳ್ಳನೆ ವೈರ್ ಅನ್ನು ಬೆನ್ನುಹುರಿಯ ಪೊರೆಯ ಹೊರಗೆ ಇಡುತ್ತಾರೆ, ಬ್ಯಾಟರಿಯನ್ನು ಸೊಂಟದ ಕೆಳಗೆ ಅಥವಾ ಹೊಟ್ಟೆಯ ಚರ್ಮದ ಒಳಗೆ ಕೂರಿಸುತ್ತಾರೆ. ಅದಕ್ಕೂ ಮುಂಚೆ ಬ್ಯಾಟರಿ ಹೊರಗಿಟ್ಟು ಸುಮಾರು ಒಂದು ವಾರ ಪರೀಕ್ಷೆ ಮಾಡುವುದು ವಾಡಿಕೆ. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಮುಂದಿನ ಮಾತು.

ಇನ್ನು ಸಂಶೋಧನೆ. ಕೆನಡಾದ ಕೃಷ್ಣ ಕುಮಾರ್ ಮತ್ತು ಸಂಗಡಿಗರು, ನಿಮ್ಮ ಯಜಮಾನರ ಹಾಗೆ ಆಪರೇಷನ್ ಆದ ಮೇಲೂ ಕಾಲು ನೋವು ಉಳಿದ 100 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ, ವ್ಯಾಯಾಮದ ಜೊತೆ ಈ ಮಷೀನ್, ಇನ್ನೊಂದಕ್ಕೆ ಬರೀ ಔಷಧ, ವ್ಯಾಯಾಮ. 2007ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಕಾಲು ನೋವು ಅರ್ಧಕ್ಕೆ ಇಳಿದವರು ಮಷೀನ್ ಗುಂಪಿನಲ್ಲಿ 100ಕ್ಕೆ 48, ಇನ್ನೊಂದರಲ್ಲಿ 100ಕ್ಕೆ 9. ದೊಡ್ಡ ವ್ಯತ್ಯಾಸ ಅಲ್ವಾ? ಆದರೆ ಅದೇ ವರದಿಯಲ್ಲಿ, ಒಂದು ವರ್ಷದೊಳಗೆ ಮಷೀನ್ ಇಟ್ಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವೈರ್ ಸರಿಯುವುದು, ಸೋಂಕು ಮುಂತಾದ ಏನಾದರೊಂದು ತೊಂದರೆ ಆಯಿತು ಅಂತಲೂ ಇದೆ.

ಅಲ್ಲಿ ಎದುರು ಗುಂಪಿಗೆ ಸಿಕ್ಕಿದ್ದು ಏನು ಅಂತ ಇನ್ನೊಮ್ಮೆ ನೋಡಿ. ಆಗಲೇ ಕೆಲಸ ಮಾಡದ ಹಳೇ ಔಷಧ. ಮಷೀನ್ ಸಿಕ್ಕವರಿಗೆ ಸಿಕ್ಕಿದ್ದು ಹೊಸ ಆಪರೇಷನ್, ಹೊಸ ಭರವಸೆ, ಪದೇ ಪದೇ ಬಂದು ವಿಚಾರಿಸುವ ಜನ. ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಮಾಡುವುದು ಹೇಗೆ?

ನನಗೆ ಇದು ಅರ್ಥವಾದದ್ದು ಒಂದು ಮಧ್ಯಾಹ್ನ. ಭುಜದ ನೋವಿನ ಒಬ್ಬ ತಾಯಿಗೆ ಪ್ಯಾಡ್ ಇಟ್ಟು, ಮಷೀನ್ ಹಚ್ಚಿ, ಮಾತಾಡಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ಇಪ್ಪತ್ತು ನಿಮಿಷಕ್ಕೆ ಎದ್ದು ಕೈ ಮೇಲೆತ್ತಿ ತೋರಿಸಿದರು, ಮುಖ ಅರಳಿತ್ತು. ಪ್ಯಾಡ್ ತೆಗೆಯುವಾಗ ನೋಡಿದೆ, ಪಿನ್ನಿನ ಬುಡದಲ್ಲಿ ವೈರ್ ಮುರಿದಿದೆ. ಹಸಿರು ದೀಪ ಉರಿಯುತ್ತಿತ್ತು, ಆದರೆ ಕರೆಂಟ್ ಅವರ ಮೈಗೆ ಹೋಗಿಯೇ ಇರಲಿಲ್ಲ. ಅವರಿಗೆ ಹಾಗೇ ಹೇಳಿದೆ. ಆ ಆರಾಮ ಸುಳ್ಳಲ್ಲ. ಫ್ಯಾನ್ ಕೆಳಗೆ ಮಲಗಿದ್ದು, ಒಬ್ಬರು ಕೂತು ಕೇಳಿಸಿಕೊಂಡದ್ದು, ಗುಣ ಆಗುತ್ತದೆ ಎಂಬ ನಂಬಿಕೆ, ಇವೂ ನೋವನ್ನು ನಿಜವಾಗಿ ಇಳಿಸುತ್ತವೆ. ಅವತ್ತಿನಿಂದ ಯಾವ ಸಂಶೋಧನೆ ಓದಿದರೂ ಮೊದಲು ನೋಡುವುದು, ಹೋಲಿಸಿದ್ದು ಯಾವುದರ ಜೊತೆ ಅಂತ.

ನಾರ್ವೆ ದೇಶದವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಕರೆಂಟ್ ಇರುವ ಮಷೀನ್ ಅನ್ನು ಕರೆಂಟ್ ಇಲ್ಲದ ಮಷೀನ್ ಜೊತೆಗೇ ಹೋಲಿಸಿದ್ದು. ಬೆನ್ನಿನ ಆಪರೇಷನ್ ಆಗಿಯೂ ಕಾಲು ನೋವು ಇದ್ದ 50 ಜನರಿಗೆ ಮಷೀನ್ ಇಟ್ಟರು. ಮೈಗೆ ಗೊತ್ತಾಗದ ಥರದ ಕರೆಂಟ್ ಅದು. ಮೂರು ತಿಂಗಳು ಹಚ್ಚುವುದು, ಮೂರು ತಿಂಗಳು ಕರೆಂಟ್ ಇಲ್ಲದೆ ಬಿಡುವುದು, ಹೀಗೆ ಎರಡೆರಡು ಸಲ. ಯಾವಾಗ ಯಾವುದು ಅಂತ ರೋಗಿಗೆ ಗೊತ್ತಿಲ್ಲ. ನಡೆಯುವುದು, ಕೂಡುವುದು, ಮಲಗುವುದು, ಭಾರ ಎತ್ತುವುದು ಎಷ್ಟು ಕಷ್ಟ ಅಂತ 100ಕ್ಕೆ ಅಂಕ ಹಾಕಿಸಿದರು. ಕರೆಂಟ್ ಇದ್ದಾಗ ಕಷ್ಟ ಸುಮಾರು 10.6 ಅಂಕ ಇಳಿಯಿತು, ಇಲ್ಲದಾಗ 8.9. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. ಕರೆಂಟ್‌ನಲ್ಲಿ ಬಗೆ ಬಗೆ ಇವೆ, ಅವರು ನೋಡಿದ್ದು ಒಂದೇ ಬಗೆ ಅಂತ ಈ ಚಿಕಿತ್ಸೆ ಮಾಡುವ ವೈದ್ಯರು ಹೇಳುತ್ತಾರೆ. ಅದೂ ನ್ಯಾಯವಾದ ಮಾತೇ. ಆದರೆ 2023ರಲ್ಲಿ ಕೊಕ್ರೇನ್ ತಂಡ ಸೊಂಟ ನೋವಿನ 13 ಅಧ್ಯಯನ, 699 ಜನರ ಮಾಹಿತಿ ಒಟ್ಟಿಗೆ ನೋಡಿ, ಸಂಶೋಧನೆಯ ಹೊರಗೆ ಇದನ್ನು ಬಳಸಲು ಈಗಿರುವ ಆಧಾರ ಸಾಲದು ಅಂದಿತು.

ಹಾಗಾಗಿ ಅಕ್ಕ, ಹೊಲ ಮಾರಬೇಡಿ. ಇದು ನನ್ನ ಸ್ಪಷ್ಟ ಅಭಿಪ್ರಾಯ. ಮೊದಲು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಬ್ಬ ತಜ್ಞರಿಗೆ ಎಂಆರ್‌ಐ ತೋರಿಸಿ, ನರದ ನೋವಿಗೇ ಅಂತ ಇರುವ ಔಷಧ ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಿದ್ದಾರಾ ಅಂತ ಕೇಳಿ, ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿಸಿ. ಅದೆಲ್ಲ ಆಗಿಯೂ ಆ ಮಷೀನ್ ಮಾತು ಬಂದರೆ, ಪರೀಕ್ಷೆಯ ವಾರಕ್ಕೆ ಎಷ್ಟು ಖರ್ಚು, ಫಲಿಸದಿದ್ದರೆ ಎಷ್ಟು ದುಡ್ಡು ವಾಪಸ್, ಬ್ಯಾಟರಿ ಎಷ್ಟು ವರ್ಷಕ್ಕೆ ಬದಲಿಸಬೇಕು, ಅದರ ದುಡ್ಡು ಯಾರದ್ದು, ವೈರ್ ಸರಿದರೆ ಸಿಂಧನೂರಿನಿಂದ ಎಲ್ಲಿಗೆ ಓಡಬೇಕು, ಇಷ್ಟನ್ನೂ ಬರೆಸಿಕೊಳ್ಳಿ.

ಅಪ್ಪನಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಅಂಗಾಲು ಕೆಂಡದ ಮೇಲೆ ಇಟ್ಟ ಹಾಗೆ ಉರಿಯುತ್ತದಂತೆ. ಸಕ್ಕರೆಯ ನರ ನೋವಿಗೂ ಕರೆಂಟ್ ಚಿಕಿತ್ಸೆ ಬಂದಿದೆ ಅಂತ ಓದಿದೆ.
— ಓದುಗರು, ಮಾನ್ವಿ

ಬಂದಿದೆ. ಸೆಕೆಂಡಿಗೆ 10,000 ಸಲ ಮಿಡಿಯುವ ಕರೆಂಟ್ ಅನ್ನು ಬೆನ್ನುಹುರಿಯ ಹತ್ತಿರ ಕೊಡುವ ಮಷೀನ್. ಅಮೆರಿಕದಲ್ಲಿ 216 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಷೀನ್ ಗುಂಪಿನಲ್ಲಿ 100ಕ್ಕೆ 79 ಜನರಿಗೆ ನೋವು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯಿತು, ಬರೀ ಔಷಧದವರಲ್ಲಿ 100ಕ್ಕೆ 5. ಅದೇ ವರ್ಷ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಆದರೆ ಅಲ್ಲಿಯೂ ಹುಸಿ ಕರೆಂಟ್ ಗುಂಪು, ಅಂದರೆ ಮಷೀನ್ ಇಟ್ಟೂ ಕರೆಂಟ್ ಹಾಯಿಸದ ಗುಂಪು, ಇರಲಿಲ್ಲ, ಯಾರಿಗೆ ಮಷೀನ್ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದನ್ನು ನೆನಪಿಟ್ಟು ಓದಿ.

ನಿಮ್ಮ ತಂದೆಗೆ ಇವತ್ತು ಬೇಕಾದದ್ದು ಬೇರೆ. ಉರಿಯುವ ಪಾದ ಎಷ್ಟೋ ಸಲ ಮರಗಟ್ಟಿಯೂ ಇರುತ್ತದೆ. ಅವರ ಕಣ್ಣು ಮುಚ್ಚಿಸಿ, ಹತ್ತಿ ಎಳೆಯಿಂದ ಅಂಗಾಲು ಸವರಿ, ಎಲ್ಲಿ ಮುಟ್ಟಿದೆ ಅಂತ ಕೇಳಿ. ಗೊತ್ತಾಗದಿದ್ದರೆ ಆ ಪಾದಕ್ಕೆ ಟೆನ್ಸ್ ಪ್ಯಾಡ್ ಬೇಡ, ಬಿಸಿನೀರು ಬೇಡ, ಸುಟ್ಟರೂ ತಿಳಿಯುವುದಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಹೋಗುವುದು ನಿಲ್ಲಿಸಿ. ದಿನಾ ರಾತ್ರಿ ಬೆರಳ ಸಂದಿ ನೋಡಿ. ಉರಿಗೆ ಒಳ್ಳೆಯ ಮಾತ್ರೆಗಳಿವೆ, ಡಾಕ್ಟರ್ ಹತ್ತಿರ ಉರಿಯ ಮಾತನ್ನೇ ಮೊದಲು ಎತ್ತಿ.

ನನಗೆ ತುಂಬಾ ವರ್ಷದ ಬೆನ್ನು ನೋವು. ನರಕ್ಕೆ ಕರೆಂಟ್ ಕೊಡುವ ಒಂದು ಸಂಶೋಧನೆಗೆ ಸೇರುತ್ತೀರಾ ಅಂತ ಕೇಳಿದ್ದಾರೆ. ಅರ್ಧ ಜನರಿಗೆ ಸುಳ್ಳು ಕರೆಂಟ್ ಕೊಡುತ್ತಾರಂತೆ. ಇದು ಮೋಸ ಅಲ್ವಾ? ಸಹಿ ಹಾಕಲೇ?
— ಓದುಗರು, ಗಂಗಾವತಿ

ಮುಂಚೆಯೇ ಹೇಳಿ ಮಾಡಿದರೆ ಮೋಸ ಅಲ್ಲ. ಚೀಟಿ ಎತ್ತಿದ ಹಾಗೆ ಗುಂಪು ಹಂಚುತ್ತಾರೆ, ಒಳ್ಳೆಯ ಅಧ್ಯಯನದಲ್ಲಿ ನಿಮ್ಮ ನೋವು ಅಳೆಯುವವರಿಗೂ ನೀವು ಯಾವ ಗುಂಪು ಅಂತ ಗೊತ್ತಿರುವುದಿಲ್ಲ. ಸಿಂಧನೂರಿನ ಅಕ್ಕನಂಥವರಿಗೆ ಹೊಲ ಮಾರು, ಮಾರಬೇಡ ಅಂತ ನಾವು ಗಟ್ಟಿಯಾಗಿ ಹೇಳಲು ಆಗುವುದು ಹೀಗೆ ಹುಸಿ ಕರೆಂಟಿಗೂ ಒಪ್ಪಿ ಕೂತ ಜನರಿಂದಲೇ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಸೇರುವುದು, ಬಿಡುವುದು ಪೂರ್ತಿ ನಿಮ್ಮ ಇಷ್ಟ. ಸೇರದಿದ್ದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ನಡುವೆ ಬೇಡ ಅನ್ನಿಸಿದರೆ ಕಾರಣ ಹೇಳದೆ ಹೊರಗೆ ಬರಬಹುದು. ಸಂಶೋಧನೆಯಿಂದಲೇ ತೊಂದರೆ ಆದರೆ ಚಿಕಿತ್ಸೆ, ಪರಿಹಾರ ಅವರ ಹೊಣೆ. ಪರೀಕ್ಷೆ ಮಾಡುತ್ತಿರುವ ಮಷೀನ್‌ಗೆ ನಿಮ್ಮಿಂದ ದುಡ್ಡು ಕೇಳಿದರೆ ಎದ್ದು ಬನ್ನಿ.

ನಮ್ಮ ದೇಶದಲ್ಲಿ ಇಂಥ ಅಧ್ಯಯನಗಳನ್ನು ದಾಖಲಿಸಲು ಸಿಟಿಆರ್‌ಐ ಎಂಬ ನೋಂದಣಿ ಪಟ್ಟಿ 2007ರಿಂದ ಇದೆ. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಿಮ್ಮ ಅಧ್ಯಯನದ ನೋಂದಣಿ ಸಂಖ್ಯೆ ಕೇಳಿ, ಮಕ್ಕಳ ಕೈಯಲ್ಲಿ ಹುಡುಕಿಸಿ. ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ನಿಮಗೆ ಕೊಡುವ ಕಾಗದದಲ್ಲಿ ಇರಬೇಕು. ಅಧ್ಯಯನ ಮುಗಿದ ಮೇಲೆ ಹುಸಿ ಗುಂಪಿನವರಿಗೆ ನಿಜವಾದ ಚಿಕಿತ್ಸೆ ಕೊಡುತ್ತೀರಾ ಅಂತ ಕೇಳಿ. ಓದಲು ಬಾರದವರು ಹೋದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು, ಕಾಗದ ಪೂರ್ತಿ ಓದಿ ಹೇಳಬೇಕು. ಸಹಿ ಹಾಕಿದ ಒಂದು ಪ್ರತಿ ನಿಮ್ಮದು. ಆ ಕಾಗದ ಬರೀ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದ್ದು ಕೊಡಿ ಅನ್ನಿ, ಮನೆಗೆ ತಂದು ನಿಧಾನಕ್ಕೆ ಓದಿ, ಅಲ್ಲಿಯ ತನಕ ಪೆನ್ನು ಮುಟ್ಟಬೇಡಿ.